ಶಿವಾರಪಟ್ಟಣದಲ್ಲಿ ‘ಲೀಷರ್’ ಹುಡುಕುತ್ತ

‘ಇವತ್ತು ಎರಡು ಲೀಷರ್ ಪೀರಿಯಡ್ ಇತ್ತು’ ಎಂದು ಮಕ್ಕಳು ಸಂಭ್ರಮದಿಂದ ಹೇಳಿದರೆ, ಆ ಹೊತ್ತು ಮೇಷ್ಟ್ರು ಬಂದಿರಲಿಲ್ಲ ಎಂದರ್ಥ. ಅದೇ ಮಾತು ಮೇಷ್ಟ್ರ ಬಾಯಿಂದ ಬಂದರೆ ಉತ್ತರಪತ್ರಿಕೆ ತಿದ್ದಲು ಸಿಕ್ಕ ಮುಕ್ಕಾಲು ಗಂಟೆ. ಹೀಗೆ ನಮ್ಮಲ್ಲಿ ಬೇರೂರಿರುವ ಪದಕ್ಕೆ ಸರಿಸಾಟಿಯಾದ ಕನ್ನಡ ಯಾವುದು? ವಿರಾಮ, ಬಿಡುವು, ಪುರಸೊತ್ತು ಎಂದೆಲ್ಲ ಉತ್ತರ ಸಿಗುತ್ತದೆ. ಇವು ಒಂದೇ ಅಲ್ಲವೆಂದು ನನಗೆ ಮನವರಿಕೆಯಾದದ್ದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ.

ಅದು ಶಿಲ್ಪಿಗಳ ಊರು. ದೇವಸ್ಥಾನಗಳಿಗೆ ವಿಗ್ರಹ ಕೆತ್ತಿಕೊಡುವುದು ಅಲ್ಲಿನ ಕುಟುಂಬಗಳ ಕುಲಕಸುಬು. ಅರ್ಧ ಮೂಡಿದ ಗಣಪತಿಯ ಮುಂದೆ ಕುಳಿತಿದ್ದ ಹಿರಿಯರೊಬ್ಬರನ್ನು ‘ಬಿಡುವಿನಲ್ಲಿ ಏನು ಮಾಡುತ್ತೀರಿ?’ ಎಂದು ಕೇಳಿದೆ. ಅವರು ಉಳಿ ಕೆಳಗಿಟ್ಟು ನಕ್ಕರು. ‘ಬಿಡುವು ಜಾಸ್ತಿಯಾದ್ರೆ ಭಯ ಆಗ್ತದೆ, ಸ್ವಾಮಿ.’

ನನ್ನ ಪ್ರಶ್ನೆಯ ಪೇಟೆತನ ಆಗ ಅರಿವಾಯಿತು. ಇಂಗ್ಲಿಷಿನ ‘ಲೀಷರ್’ ಪದದ ಮೂಲ, ಅನುಮತಿ ಇರುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ. ‘ಲೀವ್’ ಎಂದರೂ ಮೂಲತಃ ಅಪ್ಪಣೆಯೇ. ನಾವು ಅಚ್ಚಕನ್ನಡವೆಂದು ಭಾವಿಸಿರುವ ‘ರಜೆ’ಯೂ ಸಮ್ಮತಿ ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ಅಪ್ಪಣೆ ಎಂದಮೇಲೆ ಕೊಡುವವನೊಬ್ಬ ಇರಲೇಬೇಕು. ‘ಬಿಡುವು’ ಹಾಗಲ್ಲ. ಅದು ‘ಬಿಡು’ ಧಾತುವಿನಿಂದ ಹುಟ್ಟಿದ್ದು. ಕೆಲಸವನ್ನು ನಾವು ಬಿಟ್ಟರೂ ಬಿಡುವೇ, ಕೆಲಸವೇ ನಮ್ಮನ್ನು ಬಿಟ್ಟರೂ ಬಿಡುವೇ! ಆ ಹಿರಿಯರು ಹೆದರಿದ್ದು ಈ ಎರಡನೆಯದಕ್ಕೆ.

ಶಿಲ್ಪಿಯ ದುಡಿಮೆ ನಡೆಯುವುದು ಪಂಚಾಂಗದ ಲೆಕ್ಕದಲ್ಲಿ. ಪ್ರತಿಷ್ಠಾಪನೆಯ ಮುಹೂರ್ತ ಗೊತ್ತಾದರೆ ಹಗಲುರಾತ್ರಿ ಎನ್ನದೆ ಕೆತ್ತಬೇಕು. ಆಷಾಢ ಬಂತೆಂದರೆ ಶುಭಕಾರ್ಯಗಳು ನಿಲ್ಲುತ್ತವೆ. ಹಿಂದಿನವರು ವಿಶ್ರಾಂತಿಗೂ ಇದೇ ಪಂಚಾಂಗವನ್ನು ನೆಚ್ಚಿದ್ದರು. ಅಮಾವಾಸ್ಯೆಯಂದು ಉಳಿ, ಸುತ್ತಿಗೆ ಮುಟ್ಟದ ರೂಢಿ ಕುಶಲಕರ್ಮಿಗಳಲ್ಲಿ ಹಲವೆಡೆ ಇದೆ. ಸೋಮವಾರ ಬಸವಣ್ಣನ ದಿನವೆಂದು ರೈತರು ಎತ್ತು ಹೂಡುತ್ತಿರಲಿಲ್ಲ. ಎತ್ತಿಗೆ ವಾರದ ರಜೆ ಕಾರ್ಖಾನೆಗಳಿಗಿಂತ ಮುಂಚೆಯೇ ಬಂದಿತ್ತೆನ್ನಿ.

ಆದರೆ ರೂಢಿ ಕೊಡುವ ವಿಶ್ರಾಂತಿಗೆ ಕೂಲಿಯಿಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆಯ ಜೊತೆಗೆ, ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ ನೀಡಿತು. ಸಂವಿಧಾನ ಇನ್ನೂ ಮುಂದೆ ಹೋಯಿತು. ಅದರ 43ನೇ ವಿಧಿಯ ಇಂಗ್ಲಿಷ್ ಪಾಠದಲ್ಲಿ ‘ಲೀಷರ್’ ಎಂಬ ಪದವೇ ಇದೆ. ಕೃಷಿ, ಕೈಗಾರಿಕೆ ಅಥವಾ ಬೇರಾವುದೇ ದುಡಿಮೆಯವರಿಗೂ ಅದನ್ನು ಪೂರ್ಣವಾಗಿ ಅನುಭವಿಸುವ ಸ್ಥಿತಿ ಒದಗಿಸಲು ಸರ್ಕಾರ ಯತ್ನಿಸಬೇಕೆಂದು ವಿಧಿ ಹೇಳುತ್ತದೆ. ನಿರ್ದೇಶಕ ತತ್ವವಾದ್ದರಿಂದ ನ್ಯಾಯಾಲಯದಲ್ಲಿ ಕೇಳಿ ಪಡೆಯುವಂತಿಲ್ಲ, ಅಷ್ಟೆ. ಶಿವಾರಪಟ್ಟಣದ ಶಿಲ್ಪಿ ಆ ‘ಬೇರಾವುದೇ’ ಎಂಬಲ್ಲಿ ಉಳಿದುಕೊಂಡಿದ್ದಾನೆ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪವೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಸಾಲ, ತರಬೇತಿಯ ದಿನಗಳಿಗೆ ತಲಾ 500 ರೂಪಾಯಿ ಭತ್ಯೆ ಅದರಲ್ಲಿವೆ. ಉಳಿ ಕೆಳಗಿಟ್ಟ ದಿನಕ್ಕೂ ಹಣ ಕೊಡಬಹುದೆಂದು ಸರ್ಕಾರ ಒಪ್ಪಿದೆ. ಆದರೆ ಅದು ಕಲಿಯಲು, ದಣಿವಾರಿಸಿಕೊಳ್ಳಲು ಅಲ್ಲ. ಆಷಾಢದ ಬರಿಗೈ ದಿನಗಳಿಗೆ ಇಂಥದೊಂದು ಭತ್ಯೆ ಏಕಿರಬಾರದು?

ಮಾಲೂರು, ನರಸಾಪುರದ ಕಾರ್ಖಾನೆಗಳತ್ತ ಯುವಕರು ಹೊರಳಿದರೆ ಸಂಬಳವೊಂದೇ ಕಾರಣವಲ್ಲ ಎಂದು ನನಗನ್ನಿಸುತ್ತದೆ. ‘ಇವತ್ತು ನಂದು ಆಫ್’ ಎಂದು ನಿರ್ಭಯವಾಗಿ ಹೇಳಬಲ್ಲ ಒಂದು ದಿನ ಅಲ್ಲಿದೆ. ಆ ಹಿರಿಯರ ಮಗನೂ ಕಾರ್ಖಾನೆಯ ನೌಕರನೇ. ನಾನು ಹೋದ ದಿನ ಅವನಿಗೆ ವಾರದ ರಜೆ. ಒಳಗೆ ಮಲಗಿರಬಹುದೆಂದುಕೊಂಡಿದ್ದೆ. ಹಿತ್ತಲಿನಿಂದ ಉಳಿಯ ಸದ್ದು ಕೇಳಿ ಇಣುಕಿದರೆ ನಂದಿಯ ಕೊರಳ ಗೆಜ್ಜೆಸಾಲನ್ನು ಬಿಡಿಸುತ್ತ ಕುಳಿತಿದ್ದ. ಪ್ರತಿಷ್ಠಾಪನೆಗೆ ಇನ್ನು ಒಂಬತ್ತೇ ದಿನವಂತೆ.