ಬೀಳುವ ಇಟ್ಟಿಗೆಗಳ ಆಟ: ಟೆಟ್ರಿಸ್ ಅಳವಡಿಸುವ ಬಗೆ, ಆಡುವ ಬಗೆ

ಟೆಟ್ರಿಸ್ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ಇರಬಹುದು. ಆದರೆ ಆ ಆಟವನ್ನು ಒಮ್ಮೆಯೂ ಕಾಣದವರು ವಿರಳ. 1990ರ ದಶಕದಲ್ಲಿ ಆಟಿಕೆಯ ಅಂಗಡಿಗಳಲ್ಲಿ ‘ಬ್ರಿಕ್ ಗೇಮ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿದ್ದ, ಪೆನ್ಸಿಲ್ ಸೆಲ್ ಹಾಕಿ ಆಡುವ ಅಂಗೈಯಗಲದ ಯಂತ್ರವನ್ನು ನೆನಪಿಸಿಕೊಳ್ಳಿ. ಅದರ ಮೇಲೆ 9999 ಆಟಗಳಿವೆಯೆಂದು ಅಚ್ಚಾಗಿರುತ್ತಿತ್ತು. ವಾಸ್ತವವಾಗಿ ಇದ್ದದ್ದು ಕೆಲವೇ ಆಟಗಳು. ವೇಗವನ್ನು ಬದಲಿಸಿ ಅವನ್ನೇ ಮತ್ತೆ ಮತ್ತೆ ಎಣಿಸಿದ್ದರು. ಮೇಲಿನಿಂದ ಇಟ್ಟಿಗೆಯಂಥ ತುಂಡುಗಳು ಬೀಳುತ್ತವೆ, ಅವನ್ನು ತಿರುಗಿಸಿ ಜೋಡಿಸಬೇಕು, ಒಂದು ಸಾಲು ಪೂರ್ತಿ ತುಂಬಿದರೆ ಅದು ಅಳಿದುಹೋಗುತ್ತದೆ. ಇದೇ ಟೆಟ್ರಿಸ್.

ನಾನು ಕಲಾ ಪದವೀಧರೆ, ಬ್ಯಾಂಕ್ ಉದ್ಯೋಗಿ, ಗಣಕ ತಜ್ಞೆಯಲ್ಲ. ಆದರೂ ಈ ವಿಷಯವಾಗಿ ಬರೆಯಲು ಕಾರಣವಾದದ್ದು ದೇಹೂ ರೋಡಿನ ನಮ್ಮ ಮನೆ. ನನ್ನ ಮಾವನವರು 1970ರ ದಶಕದ ಆರಂಭದಲ್ಲಿ ವಿಜಾಪುರ ಜಿಲ್ಲೆಯ ಹಳ್ಳಿಯಿಂದ ಇಲ್ಲಿಯ ಸೇನಾ ಉಗ್ರಾಣದ ಕೆಲಸಕ್ಕೆ ಬಂದವರು. ಅತ್ತೆಯವರು ತೀರಿಕೊಂಡ ಮೇಲೆ ಅವರ ಮಾತು ಕಡಿಮೆಯಾಯಿತು. ನನ್ನ ಮೈದುನನ ಮಗ ಹತ್ತು ವರ್ಷದವನು. ಅವನದು ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಮರಾಠಿ. ಕನ್ನಡ ಅರ್ಧಂಬರ್ಧ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಅಜ್ಜ ಮೊಮ್ಮಗ ಒಂದೇ ಕೋಣೆಯಲ್ಲಿ ಕುಳಿತಿದ್ದರೂ ಅವರ ನಡುವೆ ‘ಊಟ ಆತೇನು?’, ‘ಹೂಂ’ ಎಂಬುದಕ್ಕಿಂತ ಹೆಚ್ಚಿನ ಮಾತು ನಡೆಯುತ್ತಿರಲಿಲ್ಲ. ಹೊರನಾಡಿನಲ್ಲಿ ನೆಲೆಸಿದ ಅನೇಕ ಕನ್ನಡ ಮನೆಗಳ ಸಂಕಟವಿದು; ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ದೀಪಾವಳಿ ರಜೆಯಲ್ಲಿ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿ, ಅದರಲ್ಲಿ ಈ ಆಟವನ್ನು ಅಳವಡಿಸಿದೆವು.

ಆಟದ ಹುಟ್ಟು

ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋ ನಗರದಲ್ಲಿ. ಅಂದಿನ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಾಜಿಟ್ನೊವ್ ಅದರ ಕರ್ತೃ. ಐದೈದು ಚೌಕಗಳ ತುಂಡುಗಳನ್ನು ಪೆಟ್ಟಿಗೆಯೊಳಗೆ ಹೊಂದಿಸುವ ‘ಪೆಂಟೊಮಿನೊ’ ಎಂಬ ಒಗಟು ಅವರಿಗೆ ಪ್ರಿಯವಾಗಿತ್ತು. ಐದರ ಬದಲು ನಾಲ್ಕು ಚೌಕಗಳನ್ನು ತೆಗೆದುಕೊಂಡು ಅವರು ಹೊಸ ಆಟ ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ನಾಲ್ಕು ಎಂಬರ್ಥದ ‘ಟೆಟ್ರಾ’ ಮತ್ತು ಅವರ ಮೆಚ್ಚಿನ ಟೆನಿಸ್ ಸೇರಿ ‘ಟೆಟ್ರಿಸ್’ ಆಯಿತು. ಅವರ ಬಳಿಯಿದ್ದ ‘ಎಲೆಕ್ಟ್ರಾನಿಕಾ 60’ ಗಣಕಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಆದುದರಿಂದ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆಗಳೆಂದು ತೋರಿಸಿದರು. ಅದರಲ್ಲಿ 7 ಒತ್ತಿದರೆ ಎಡಕ್ಕೆ, 9 ಒತ್ತಿದರೆ ಬಲಕ್ಕೆ, 8 ಒತ್ತಿದರೆ ತಿರುಗುವುದು. ಅನಂತರ ವಾಡಿಮ್ ಗೆರಾಸಿಮೊವ್ ಎಂಬ ಹದಿಹರೆಯದ ಹುಡುಗ ಅದನ್ನು ಐಬಿಎಂ ಪಿಸಿಗೆ ಹೊಂದಿಸಿದ. ಅಲ್ಲಿಂದ ಫ್ಲಾಪಿಯಿಂದ ಫ್ಲಾಪಿಗೆ ಹಬ್ಬಿದ ಆಟ, 1989ರಲ್ಲಿ ನಿಂಟೆಂಡೊ ಸಂಸ್ಥೆಯ ‘ಗೇಮ್ ಬಾಯ್’ ಮೂಲಕ ಜಗತ್ತಿನ ಮನೆಮನೆಯನ್ನು ತಲುಪಿತು. ಆಟದ ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿದ್ದುದರಿಂದ ಆರಂಭದ ವರ್ಷಗಳ ಮಾರಾಟದಿಂದ ಪಾಜಿಟ್ನೊವ್ ಅವರಿಗೆ ರಾಯಧನ ದೊರೆಯಲಿಲ್ಲ. 1996ರಲ್ಲಿ ಹೆಂಕ್ ರೋಜರ್ಸ್ ಅವರೊಡನೆ ಸೇರಿ ‘ಟೆಟ್ರಿಸ್ ಕಂಪನಿ’ಯನ್ನು ಸ್ಥಾಪಿಸಿದ ಮೇಲೆ ಆ ನ್ಯಾಯ ಒದಗಿತು.

ಅದೇ 1984ರಲ್ಲಿ ನಮ್ಮ ದೇಶದಲ್ಲಿ ರಂಗರಾಜನ್ ಸಮಿತಿ ಬ್ಯಾಂಕುಗಳ ಯಾಂತ್ರೀಕರಣ ಕುರಿತು ತನ್ನ ವರದಿ ನೀಡಿತು. ಬ್ಯಾಂಕಿನ ನಮ್ಮ ಪೀಳಿಗೆ ಕಂಪ್ಯೂಟರಿಗೆ ಅಂಜುತ್ತಿದ್ದ ಕಾಲದಲ್ಲಿ, ಅಂಜಿಕೆ ಬಿಡಿಸಿದ ಆಟಗಳಲ್ಲಿ ಇದೂ ಒಂದು.

ಅಳವಡಿಸುವ ಬಗೆ

ಇಂದು ಈ ಆಟವನ್ನು ಮನೆಯಲ್ಲಿ ಅಳವಡಿಸಿಕೊಳ್ಳಲು ಮೂರು ದಾರಿಗಳಿವೆ.

ಮೊದಲನೆಯದು ಅತಿ ಸುಲಭ. ಟೆಟ್ರಿಸ್ ಸಂಸ್ಥೆಯ ಅಧಿಕೃತ ಜಾಲತಾಣವನ್ನು ತೆರೆದರೆ ಬ್ರೌಸರಿನಲ್ಲಿಯೇ ಉಚಿತವಾಗಿ ಆಡಬಹುದು. ನಡುವೆ ಜಾಹೀರಾತುಗಳು ಬರುತ್ತವೆ, ಅಂತರ್ಜಾಲ ಸಂಪರ್ಕವೂ ಬೇಕು.

ಎರಡನೆಯದು ನಾವು ಹಿಡಿದ ದಾರಿ. ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ರಕ್ಷಣೆಯನ್ನು 2014ರ ಏಪ್ರಿಲ್ 8ರಂದೇ ನಿಲ್ಲಿಸಿರುವುದರಿಂದ ಅಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲ. ಅದರ ಬದಲು ಉಚಿತವಾದ ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರಕ್ಕೆ ಮರುಜೀವ ಬರುತ್ತದೆ. ಲಿನಕ್ಸ್ ತುಂಬಿದ ಪೆನ್ ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ತೆರೆಯ ಮೇಲಿನ ಸೂಚನೆಯಂತೆ ನಡೆದರೆ ಸಾಕು. ಆದರೆ ಅದಕ್ಕೆ ಮೊದಲು ಹಳೆಯ ಫೋಟೋಗಳನ್ನೂ ಕಾಗದಪತ್ರಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಹೊಸ ವ್ಯವಸ್ಥೆ ಹಳೆಯದನ್ನೆಲ್ಲ ಅಳಿಸಿಬಿಡಬಹುದು. ಅನಂತರ ಲಿನಕ್ಸಿನ ತಂತ್ರಾಂಶ ಭಂಡಾರದಲ್ಲಿ ‘ಕ್ವಾಡ್ರಾಪ್ಯಾಸಲ್’ ಅಥವಾ ‘ಕೆಬ್ಲಾಕ್ಸ್’ ಎಂದು ಹುಡುಕಿ ಅಳವಡಿಸಿ. ಟೆಟ್ರಿಸ್ ಎಂಬುದು ನೋಂದಾಯಿತ ಹೆಸರಾದ್ದರಿಂದ ಇಂಥ ಮುಕ್ತ ಆಟಗಳು ಬೇರೆ ಹೆಸರಿನಲ್ಲಿವೆ. ಎಡ ಮತ್ತು ಬಲ ಬಾಣದ ಕೀಲಿಗಳು ತುಂಡನ್ನು ಸರಿಸುತ್ತವೆ, ಮೇಲಿನ ಬಾಣ ತಿರುಗಿಸುತ್ತದೆ, ಕೆಳಗಿನ ಬಾಣ ಬೇಗ ಇಳಿಸುತ್ತದೆ, ಉದ್ದನೆಯ ಸ್ಪೇಸ್ ಕೀಲಿ ಒಮ್ಮೆಗೇ ಕೆಡಹುತ್ತದೆ. ಆರಂಭದ ವೇಗವನ್ನು 1ರಲ್ಲಿಯೇ ಇಡಿ. ತುಂಡು ಎಲ್ಲಿ ಹೋಗಿ ಕೂರುವುದೆಂಬ ನೆರಳನ್ನು ತೋರಿಸುವ ಆಯ್ಕೆಯಿದ್ದರೆ ಹಿರಿಯರಿಗಾಗಿ ಅದನ್ನು ಚಾಲನೆಯಲ್ಲಿಡಿ.

ಮೂರನೆಯದು ಹಳೆಯದರ ಮೋಹವುಳ್ಳವರಿಗೆ. ಡಾಸ್ ಕಾಲದ ಪ್ರತಿಯೇನಾದರೂ ನಿಮ್ಮಲ್ಲಿ ಉಳಿದಿದ್ದರೆ ಅದು ಇಂದಿನ ಯಂತ್ರದಲ್ಲಿ ನೇರವಾಗಿ ನಡೆಯದು. ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ ಹಳೆಯ ಪಿಸಿಯ ವೇಷ ಧರಿಸುತ್ತದೆ. ಅದರೊಳಗೆ ‘ಮೌಂಟ್’ ಎಂಬ ಆಜ್ಞೆಯಿಂದ ಆಟವಿರುವ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿ, ಸಿ ಡ್ರೈವಿಗೆ ಹೋಗಿ, ಆಟದ ಕಡತದ ಹೆಸರನ್ನು ಬೆರಳಚ್ಚಿಸಬೇಕು. ಇಂದಿನ ಯಂತ್ರದ ವೇಗಕ್ಕೆ ಆಟ ಓಡತೊಡಗಿದರೆ ಕಂಟ್ರೋಲ್ ಕೀಲಿಯೊಡನೆ ಎಫ್11 ಒತ್ತಿ ನಿಧಾನಗೊಳಿಸಬಹುದು. ಎಫ್12 ಒತ್ತಿದರೆ ವೇಗ ಹೆಚ್ಚುತ್ತದೆ.

ಬ್ಯಾಂಕಿನವಳಾಗಿ ಒಂದು ಎಚ್ಚರಿಕೆ: ಅಪರಿಚಿತರು ವಾಟ್ಸ್‌ಆಪ್ ಮೂಲಕ ಕಳುಹಿಸಿದ ‘ಹಳೆಯ ಆಟ’ಗಳ ಕಡತವನ್ನು ಫೋನಿನಲ್ಲಿ ಎಂದಿಗೂ ತೆರೆಯಬೇಡಿ. ಅದೇ ಫೋನಿನಲ್ಲಿ ನಿಮ್ಮ ಉಳಿತಾಯ ಖಾತೆಯ ಬೀಗದ ಕೈಯೂ ಇರುತ್ತದೆ.

ಆಡುವ ಬಗೆ

ಸಾಂಪ್ರದಾಯಿಕ ಆಟದ ಅಂಕಣವು 10 ಚೌಕ ಅಗಲ, 20 ಚೌಕ ಎತ್ತರದ ಬಾವಿ. ಕೆಲವು ಆವೃತ್ತಿಗಳಲ್ಲಿ ಅಗಲ ಇನ್ನೂ ಹೆಚ್ಚಿರುತ್ತದೆ. ಪ್ರತಿ ತುಂಡಿನಲ್ಲಿ ನಾಲ್ಕು ಚೌಕಗಳು. ಐದು ತುಂಡುಗಳಿಗೆ 20 ಚೌಕಗಳು, ಅಂದರೆ ಸರಿಯಾಗಿ ಎರಡು ಸಾಲು. ಲೆಕ್ಕ ಎಷ್ಟು ಸರಳವೋ ಕೂಡಿಸುವುದು ಅಷ್ಟೇ ಕಠಿಣ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಸಾಲು ಅಳಿಸುವ ಆತುರದಲ್ಲಿ ಕೆಳಗೆ ಪೊಳ್ಳು ಬಿಡುವುದು. ಬ್ಯಾಂಕಿನಲ್ಲಿ ತಾಳೆಯಾಗದ ನಮೂದೊಂದು ಉಳಿದುಹೋದರೆ ಅದರ ಮೇಲೆ ದಿನದಿನದ ವ್ಯವಹಾರ ಪೇರುತ್ತಲೇ ಹೋಗುತ್ತದೆ. ವರ್ಷಾಂತ್ಯದಲ್ಲಿ ಅದನ್ನು ಹುಡುಕಲು ಎಲ್ಲವನ್ನೂ ಕೆದಕಬೇಕು. ಇಲ್ಲಿಯೂ ಹಾಗೆಯೇ. ಒಂದು ಪೊಳ್ಳನ್ನು ತೆರೆಯಲು ಅದರ ಮೇಲಿನ ಸಾಲುಗಳನ್ನೆಲ್ಲ ತುಂಬಿ ಅಳಿಸಬೇಕಾಗುತ್ತದೆ. ಆದುದರಿಂದ ಮೊದಲ ನಿಯಮ: ಸಾಲು ತಡವಾದರೂ ಚಿಂತೆಯಿಲ್ಲ, ಪೊಳ್ಳು ಬೇಡ. ಎರಡನೆಯದು: ಮೇಲ್ಮೈಯನ್ನು ಸಾಧ್ಯವಾದಷ್ಟು ಸಮತಟ್ಟಾಗಿಡಿ, ಆಗ ಮುಂದೆ ಯಾವ ತುಂಡು ಬಂದರೂ ಜಾಗ ಸಿಗುತ್ತದೆ. ಮೂರನೆಯದು: ಕೈಯಲ್ಲಿರುವ ತುಂಡಿನ ಜೊತೆಗೆ ಪಕ್ಕದಲ್ಲಿ ತೋರುವ ಮುಂದಿನ ತುಂಡನ್ನೂ ನೋಡಿ.

ಇಷ್ಟು ಕೈಗೂಡಿದ ಮೇಲೆ ಬಲತುದಿಯ ಒಂದು ಕಂಬವನ್ನು ಖಾಲಿ ಬಿಟ್ಟು ಉಳಿದುದನ್ನು ನಾಲ್ಕು ಸಾಲಿನವರೆಗೆ ತುಂಬಿ, ಉದ್ದನೆಯ ತುಂಡು ಬಂದಾಗ ಅಲ್ಲಿ ಇಳಿಸಿ. ನಾಲ್ಕು ಸಾಲು ಒಮ್ಮೆಗೇ ಅಳಿಯುತ್ತವೆ. ನಿಂಟೆಂಡೊ 1989ರಲ್ಲಿ ತಂದ ಟಿವಿಯ ಆವೃತ್ತಿಯಲ್ಲಿ, ಆರಂಭದ ಹಂತದಲ್ಲಿ ಒಂದು ಸಾಲಿಗೆ 40, ಎರಡಕ್ಕೆ 100, ಮೂರಕ್ಕೆ 300, ನಾಲ್ಕಕ್ಕೆ 1200 ಅಂಕಗಳು. ಬಿಡಿಬಿಡಿಯಾಗಿ ನಾಲ್ಕು ಸಾಲು ಅಳಿಸಿದರೆ 160. ತಾಳ್ಮೆಯಿಂದ ಕಾದರೆ ಅದರ ಏಳೂವರೆ ಪಟ್ಟು. ಯಾವ ಠೇವಣಿಯೂ ಇಂಥ ಬಡ್ಡಿ ಕೊಡುವುದಿಲ್ಲ! ಆದರೆ ಅಂಕಣ ಅರ್ಧಕ್ಕಿಂತ ಮೇಲೇರಿದಾಗ ಲಾಭದ ಆಸೆ ಬಿಟ್ಟು ಸಿಕ್ಕ ಸಾಲನ್ನು ಅಳಿಸುವುದೇ ವಿವೇಕ.

ಏಳು ತುಂಡುಗಳಿಗೆ ಏಳು ಹೆಸರು

ನಾಲ್ಕು ಚೌಕಗಳನ್ನು ಬದಿಗೆ ಬದಿ ತಾಗಿಸಿ ಜೋಡಿಸಿದರೆ ಏಳು ಆಕಾರಗಳು ದೊರೆಯುತ್ತವೆ. ಜಗತ್ತು ಅವನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತದೆ: ಐ, ಓ, ಟಿ, ಎಲ್, ಜೆ, ಎಸ್, ಝಡ್. ಮೊದಲ ದಿನ ಹುಡುಗ ಹಾಗೆಯೇ ಕೂಗುತ್ತ ಆಡುತ್ತಿದ್ದ. ಹಿಂದೆ ಕುಳಿತಿದ್ದ ಮಾವನವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ತಡೆಯಲಾರದೆ, “ತಗ್ಗ ಬಿಡಬ್ಯಾಡೋ ತಮ್ಮಾ, ಮ್ಯಾಲ ಮುಚ್ಚಿದ್ರ ಕೆಳಗ ಕೈ ಹೋಗಂಗಿಲ್ಲ” ಎಂದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಗ್ರಾಣದಲ್ಲಿ ಪೆಟ್ಟಿಗೆಗಳನ್ನು ಒಟ್ಟಿಸಿದವರು ಅವರು. ಯಾವುದರ ಮೇಲೆ ಯಾವುದನ್ನು ಇಡಬೇಕು, ಎಲ್ಲಿ ಸಂದು ಬಿಟ್ಟರೆ ರಾಶಿ ಕೆಡುವುದು ಎಂಬುದು ಅವರಿಗೆ ನೀರು ಕುಡಿದಷ್ಟು ಸಹಜ. ಆ ವಿದ್ಯೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವರಿಗೆ ಅಕ್ಷರಗಳ ಹೆಸರು ಒಗ್ಗಲಿಲ್ಲ. ಉದ್ದನೆಯದು ‘ಕೋಲು’, ಚೌಕಾಕಾರದ್ದು ‘ಮಣೆ’, ಮೂರು ಚೌಕಗಳ ನಡುವೆ ಒಂದು ಉಬ್ಬಿರುವುದು ‘ಎತ್ತಿನ ಹಿಣಿಲು’, ಮೂಲೆಯಲ್ಲಿ ಬಾಗಿದವು ‘ಎಡ ಕುಡಗೋಲು’, ‘ಬಲ ಕುಡಗೋಲು’, ಮೆಟ್ಟಿಲಿನಂಥವು ‘ಏರು ಪಾವಟಿಗಿ’, ‘ಇಳಿ ಪಾವಟಿಗಿ’. ಮಾವನವರ ಬೆರಳುಗಳು ಆಟದ ವೇಗಕ್ಕೆ ಓಡವು. ಆದುದರಿಂದ ಕೀಲಿ ಒತ್ತುವ ಕೆಲಸ ಮೊಮ್ಮಗನದು, ಜಾಗ ಹೇಳುವ ಕೆಲಸ ಅಜ್ಜನದು ಎಂದಾಯಿತು. ಹೇಳಿದ ತುಂಡು ಯಾವುದೆಂದು ತಿಳಿಯದಿದ್ದರೆ ಆಟ ಕೆಡುತ್ತದೆ. ಎರಡೇ ದಿನದಲ್ಲಿ ಹುಡುಗನಿಗೆ ಏಳೂ ಹೆಸರು ಬಂದವು. ಮೂರನೆಯ ದಿನ, “ಅಜ್ಜಾ, ಹಿಣಿಲು ಅಂದ್ರ ಏನು?” ಎಂದು ಕೇಳಿದ. ಉತ್ತರ ಊರಿನ ಎತ್ತುಗಳಿಂದ ಆರಂಭವಾಗಿ, ಜೋಳದ ಸುಗ್ಗಿಗೆ ಹೋಗಿ, ರಾತ್ರಿ ಊಟದವರೆಗೂ ಮುಗಿಯಲಿಲ್ಲ.

ಇದೇ ತುಂಡುಗಳನ್ನು ರಟ್ಟಿನಲ್ಲಿ ಕತ್ತರಿಸಿ ಇನ್ನೊಂದು ಒಗಟನ್ನೂ ಆಡಬಹುದು. ಏಳು ತುಂಡುಗಳಲ್ಲಿ ಒಟ್ಟು 28 ಚೌಕಗಳು. ಅವನ್ನು 4 ಸಾಲು, 7 ಕಂಬಗಳ ಆಯತದಲ್ಲಿ ತುಂಬಲು ಮಕ್ಕಳಿಗೆ ಹೇಳಿ. ಎಷ್ಟು ಹೆಣಗಿದರೂ ತುಂಬದು. ಆಯತಕ್ಕೆ ಚದುರಂಗದ ಹಾಸಿನಂತೆ ಕಪ್ಪು ಬಿಳುಪು ಬಳಿಯಿರಿ: 14 ಕಪ್ಪು, 14 ಬಿಳಿ. ಆರು ತುಂಡುಗಳು ಎಲ್ಲಿಟ್ಟರೂ ಎರಡು ಕಪ್ಪು, ಎರಡು ಬಿಳಿ ಮುಚ್ಚುತ್ತವೆ. ಹಿಣಿಲು ಮಾತ್ರ ಒಂದು ಬಣ್ಣದ ಮೂರನ್ನು, ಇನ್ನೊಂದರ ಒಂದನ್ನು ಮುಚ್ಚುತ್ತದೆ. ಆದ್ದರಿಂದ ಲೆಕ್ಕ 15 ಮತ್ತು 13 ಆಗುವುದೇ ಹೊರತು ಸಮವಾಗದು.

ಗೆಲುವಿಲ್ಲದ ಆಟ

ಈ ಆಟಕ್ಕೆ ಗೆಲುವೆಂಬ ಕೊನೆಯಿಲ್ಲ. ತುಂಡುಗಳು ಬಾವಿಯ ಬಾಯಿ ಮುಟ್ಟಿದಾಗ ಆಟ ಮುಗಿಯುತ್ತದೆ. ಏರು ಪಾವಟಿಗೆ, ಇಳಿ ಪಾವಟಿಗೆ ಒಂದಾದ ಮೇಲೊಂದು ಬರುತ್ತಲೇ ಇದ್ದರೆ ಎಂಥ ಆಟಗಾರನೂ ಸೋಲಲೇಬೇಕೆಂದು ಹೈಡಿ ಬರ್ಗೀಲ್ ಎಂಬ ಗಣಿತಜ್ಞೆ 1997ರಲ್ಲಿ ಸಾಧಿಸಿ ತೋರಿಸಿದರು. ಆದರೆ 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಬಾಲಕನೊಬ್ಬ ನಿಂಟೆಂಡೊ ಆವೃತ್ತಿಯನ್ನು 157ನೆಯ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ. ಮಾವನವರಿಗೆ ಈ ಸುದ್ದಿ ಓದಿ ಹೇಳಿದಾಗ, “ಹುಡುಗ ತಗ್ಗ ಬಿಟ್ಟಿರಂಗಿಲ್ಲ” ಎಂದರು.

ನಮ್ಮ ಮನೆಯ ಹುಡುಗ ಇದರಿಂದ ಕನ್ನಡ ಪಂಡಿತನಾಗಿಲ್ಲ. ಅವನಿಗೆ ಬಂದದ್ದು ನಲವತ್ತು ಐವತ್ತು ಮಾತುಗಳಿರಬಹುದು. ಓದಲು ಇನ್ನೂ ಬಾರದು. ಆದರೆ ಶಾಲೆಯಿಂದ ಬಂದವನು ಈಗ ಅಜ್ಜನ ಕುರ್ಚಿಯನ್ನು ಕಂಪ್ಯೂಟರಿನ ಬಳಿಗೆ ತಾನೇ ಎಳೆದು ಹಾಕುತ್ತಾನೆ. ದಿನಕ್ಕೆ ಅರ್ಧ ಗಂಟೆಯೆಂದು ನಿಯಮ ಮಾಡಿದ್ದೇವೆ. ಹೆಚ್ಚು ಹೊತ್ತು ಆಡಿದರೆ ಕಣ್ಣಿಗೂ ಆಯಾಸ. ಕಣ್ಣು ಮುಚ್ಚಿದರೂ ಇಟ್ಟಿಗೆಗಳೇ ಬೀಳುತ್ತಿರುತ್ತವೆ.

ಓದುಗ ಬಂಧುಗಳೇ, ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೆಯ ಕಂಪ್ಯೂಟರ್ ಇರಬಹುದು. ಪಡಸಾಲೆಯಲ್ಲಿ ಮಾತು ಕಡಿಮೆಯಾದ ಹಿರಿಯರೊಬ್ಬರು ಇರಬಹುದು. ಎರಡನ್ನೂ ಒಂದೆಡೆ ಕೂಡಿಸಿ ನೋಡಿ. ಏಳು ತುಂಡುಗಳಿಗೆ ನಿಮ್ಮ ಊರಿನ ಹೆಸರುಗಳನ್ನಿಡುವ ಕೆಲಸವನ್ನು ಮಾತ್ರ ಅವರಿಗೇ ಬಿಡಿ.