ಪ್ರಾತಃಕಾಲದ ತೈಲಗಂಡೂಷವು

ಬೆಳಿಗ್ಗೆ ಎದ್ದೊಡನೆ ಒಂದು ಚಮಚ ಎಳ್ಳೆಣ್ಣೆಯನ್ನು ಬಾಯಲ್ಲಿಟ್ಟುಕೊಂಡು, ಯಾರೊಡನೆಯೂ ಮಾತಾಡದೆ ಅಂಗಳದಲ್ಲಿ ಸುಳಿದಾಡುವವರು ಈಗ ಅನೇಕ ಮನೆಗಳಲ್ಲಿ ಉಂಟು. ಈ ಕ್ರಮಕ್ಕೆ ‘ಆಯಿಲ್ ಪುಲ್ಲಿಂಗ್’ ಎಂಬ ಆಂಗ್ಲ ನಾಮಕರಣವಾದ ತರುವಾಯ, ಇದು ಸಮಸ್ತ ರೋಗಗಳಿಗೂ ರಾಮಬಾಣವೆಂದೂ ಚರಕಮಹರ್ಷಿಯೇ ಹಾಗೆ ಹೇಳಿರುವನೆಂದೂ ವಾಡಿಕೆಯಾಗಿದೆ. ಮಹರ್ಷಿಯು ಏನು ಹೇಳಿರುವನೆಂಬುದನ್ನು ಗ್ರಂಥವನ್ನು ತೆರೆದು ನೋಡುವುದು ಕಷ್ಟವೇನೂ ಅಲ್ಲ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಮಾತ್ರಾಶಿತೀಯ’ವೆಂಬ ಐದನೆಯ ಅಧ್ಯಾಯವು ದಿನಚರ್ಯೆಯನ್ನು ವಿವರಿಸುವುದು. ತೈಲಗಂಡೂಷದ ಫಲಗಳು ಅಲ್ಲಿವೆ: ದವಡೆಗೆ ಬಲ, ಸ್ವರಕ್ಕೆ ಬಲ, ಮುಖಕ್ಕೆ ಪುಷ್ಟಿ, ನಾಲಗೆಗೆ ರಸಜ್ಞಾನ, ಅನ್ನದಲ್ಲಿ ರುಚಿ. ಗಂಟಲು ಒಣಗದು, ತುಟಿ ಒಡೆಯದು, ಹಲ್ಲುಗಳು ಬೇರುಬಿಟ್ಟು ಗಟ್ಟಿಯಾಗುವುವು. ಹುಳಿಯನ್ನು ತಿಂದರೆ ಜುಮ್ಮೆನ್ನವು. ಗಟ್ಟಿಯಾದ ತಿಂಡಿಯನ್ನೂ ಅಗಿಯಬಲ್ಲುವು. ಇಷ್ಟೆ. ವಾಚಕರು ಗಮನಿಸಬೇಕು: ಇವೆಲ್ಲವೂ ಬಾಯಿ, ಗಂಟಲು, ಮುಖಗಳಿಗೆ ಸೇರಿದವು. ಮಧುಮೇಹವಾಗಲಿ, ಹೃದ್ರೋಗವಾಗಲಿ, ಸಂಧಿವಾತವಾಗಲಿ ಅಲ್ಲಿಲ್ಲ. ಸರ್ವರೋಗಹರವೆಂಬ ಖ್ಯಾತಿಯು 1990ರ ದಶಕದಲ್ಲಿ, ಕರಾಚ್ ಎಂಬ ವಿದೇಶೀ ವೈದ್ಯರ ಹೆಸರಿನಲ್ಲಿ ಸೂರ್ಯಕಾಂತಿ ಎಣ್ಣೆಯ ಮಹಿಮೆಯಾಗಿ ಹಬ್ಬಿತು. ಚರಕನ ಹೆಸರು ಅದಕ್ಕೆ ಹೇಗೋ ಅಂಟಿಕೊಂಡಿತು.

ಅದೇ ಅಧ್ಯಾಯದ ಇನ್ನೊಂದು ಸಂಗತಿಯನ್ನು ಪ್ರಚಾರಕರು ಹೇಳುವುದೇ ಇಲ್ಲ. ಗಂಡೂಷಕ್ಕೆ ಮುಂಚೆಯೇ ದಂತಧಾವನದ ವಿಧಿಯಿದೆ. ಹೊಂಗೆ, ಕಣಗಿಲು, ಎಕ್ಕ ಮುಂತಾದವುಗಳ ಕಡ್ಡಿಯ ತುದಿಯನ್ನು ಜಜ್ಜಿ, ವಸಡಿಗೆ ನೋವಾಗದಂತೆ, ದಿನಕ್ಕೆ ಎರಡು ಹೊತ್ತು ಹಲ್ಲುಜ್ಜತಕ್ಕದ್ದು. ಬಳಿಕ ನಾಲಗೆಯನ್ನು ಹೆರೆಯತಕ್ಕದ್ದು. ಎಣ್ಣೆಯ ಮಾತು ಅದರ ತರುವಾಯವೇ ಬರುವುದು. ಅಂದಮೇಲೆ ಎಣ್ಣೆಯು ಹಲ್ಲುಜ್ಜುವುದರ ಜೊತೆಗೆ ಸೇರತಕ್ಕದ್ದೇ ಹೊರತು ಅದರ ಸ್ಥಾನದಲ್ಲಿ ನಿಲ್ಲತಕ್ಕದ್ದಲ್ಲ.

ಕ್ರಮದ ಹೆಸರಿನಲ್ಲಿಯೂ ಒಂದು ಸೂಕ್ಷ್ಮವಿದೆ. ಬಾಯಲ್ಲಿ ಅಲುಗಾಡಿಸಲು ಎಡೆಯಿಲ್ಲದಂತೆ ತುಂಬಿಕೊಂಡರೆ ಗಂಡೂಷ, ಸುಲಭವಾಗಿ ಹೊರಳಿಸಬಹುದಾದಷ್ಟನ್ನೇ ತೆಗೆದುಕೊಂಡರೆ ಕವಲವೆಂದು ಸುಶ್ರುತನ ವಿಭಾಗ. ಈಗ ಜನರು ಮಾಡುತ್ತಿರುವುದು ನಿಜವಾಗಿ ಕವಲವೇ. ವಾಗ್ಭಟನು ಗಾಳಿಯಿಲ್ಲದ ಎಡೆಯಲ್ಲಿ, ಎಳೆಬಿಸಿಲಿಗೆ, ಮುಖವನ್ನು ಕೊಂಚ ಮೇಲೆತ್ತಿ, ನುಂಗದೆ ಹಿಡಿದಿರಬೇಕೆನ್ನುವನು. ನಿತ್ಯದ ಬಳಕೆಗೆ ಎಳ್ಳೆಣ್ಣೆಯನ್ನು ಹೇಳಿ, ಅದಿಲ್ಲವಾದರೆ ಮಾಂಸರಸವೆಂದೂ ಸೇರಿಸಿರುವನು. ಈ ಎರಡನೆಯ ಪಕ್ಷವನ್ನು ನಮ್ಮ ಎಣ್ಣೆಯ ಭಕ್ತರು ಎಲ್ಲಿಯೂ ಉದಾಹರಿಸಿದ್ದನ್ನು ನಾನು ಕಾಣೆ.

ಬಾಯಿಂದ ಉಗಿದ ಎಣ್ಣೆಯು ಬೆಳ್ಳಗೆ ನೊರೆಯಂತಿರುವುದನ್ನು ಕಂಡು, ದೇಹದ ವಿಷವು ಹೊರಬಿತ್ತೆಂದು ಅನೇಕರು ಸಂತೋಷಪಡುವರು. ಮೊಸರು ಕಡೆಯುವ ಗೃಹಿಣಿಯರಿಗೆ ಇದರ ಕಾರಣವು ಬೇಗ ತಿಳಿದೀತು. ಜಿಡ್ಡನ್ನೂ ನೀರನ್ನೂ ಕೂಡಿಸಿ ಬಹಳ ಹೊತ್ತು ಕಲಕಿದರೆ ಜಿಡ್ಡು ಸಣ್ಣ ಹನಿಗಳಾಗಿ ಒಡೆದು ಬೆಳ್ಳಗಾಗುವುದು. ಇಲ್ಲಿ ಲಾಲಾರಸವೇ ನೀರು. ಆರೋಗ್ಯವಂತನ ಬಾಯಲ್ಲಿಯೂ ಹೀಗೆಯೇ ಆಗುವುದು.

ಪ್ರಯೋಜನವೇ ಇಲ್ಲವೆಂದು ಹೇಳಲಾಗದು. 2008 ಮತ್ತು 2009ರಲ್ಲಿ ಭಾರತದ ದಂತವೈದ್ಯರು ಎಳ್ಳೆಣ್ಣೆಯ ಪರೀಕ್ಷೆಗಳನ್ನು ಪ್ರಕಟಿಸಿ, ದಂತಕ್ಷಯಕ್ಕೆ ಕಾರಣವಾದ ಸೂಕ್ಷ್ಮಜೀವಿಗಳೂ ವಸಡಿನ ಉರಿಯೂತವೂ ತಗ್ಗಿದುವೆಂದು ತೋರಿಸಿದರು. ಆದರೆ ಪರೀಕ್ಷೆಗೆ ಒಳಗಾದವರು ಇಪ್ಪತ್ತು ಮಂದಿ ಹುಡುಗರು. ಅವಧಿಯು ಎರಡು ವಾರಗಳನ್ನು ಮೀರಲಿಲ್ಲ. ಇಷ್ಟರ ಮೇಲೆ ದೊಡ್ಡ ಸೌಧವನ್ನು ಕಟ್ಟಲಾಗದು.

ನಮ್ಮ ಬೀದಿಯ ಗೃಹಸ್ಥರೊಬ್ಬರು ವಸಡಿನಲ್ಲಿ ರಕ್ತ ಜಿನುಗುತ್ತಿದ್ದರೂ ವೈದ್ಯರಲ್ಲಿಗೆ ಹೋಗದೆ, ಎರಡು ವರ್ಷ ಎಣ್ಣೆಯನ್ನೇ ನಂಬಿದ್ದರು. ಕಡೆಗೆ ಮುಂದಿನ ಮೂರು ಹಲ್ಲುಗಳು ಸಡಿಲಗೊಂಡು ಕೀಳಿಸಬೇಕಾಯಿತು. ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಕಾಯಿಲೆಯೂ ಹೊರಬಿತ್ತು. ವಸಡಿನ ರೋಗಕ್ಕೂ ಮಧುಮೇಹಕ್ಕೂ ನಂಟುಂಟು. ಒಂದು ಇನ್ನೊಂದನ್ನು ಕೆರಳಿಸುವುದು. ವಸಡಿನ ಕೆಳಗೆ ಸುಣ್ಣದಂತೆ ಗಟ್ಟಿಯಾಗಿ ಕುಳಿತ ಕಿಟ್ಟವನ್ನು ಯಾವ ಎಣ್ಣೆಯೂ ಕರಗಿಸಲಾರದು. ಅದನ್ನು ದಂತವೈದ್ಯರೇ ಉಪಕರಣದಿಂದ ತೆಗೆಯಬೇಕು. ಮೊದಲ ರಕ್ತದ ಕಲೆಯನ್ನು ಕಂಡಾಗಲೇ ಹೋಗಿದ್ದರೆ ಆ ಹಲ್ಲುಗಳು ಉಳಿಯುತ್ತಿದ್ದುವೋ ಏನೋ.

ಮಾಡಬೇಕೆಂಬ ಆಸೆಯುಳ್ಳವರು ಶುದ್ಧವಾದ ಗಾಣದ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಒಂದು ಚಮಚ ತೆಗೆದುಕೊಂಡು, ಐದು ಹತ್ತು ನಿಮಿಷ ಮೆಲ್ಲನೆ ಹೊರಳಿಸಿ, ಉಗಿದು, ಬೆಚ್ಚಗಿನ ನೀರಿನಿಂದ ಮುಕ್ಕಳಿಸಲಿ. ಫ್ಲೋರೈಡ್ ಸೇರಿದ ದಂತಮಂಜನದಿಂದ ಎರಡು ಹೊತ್ತು ಹಲ್ಲುಜ್ಜುವುದನ್ನು ಬಿಡಬಾರದು. ಎಣ್ಣೆಯನ್ನು ನುಂಗಬಾರದು, ಗಂಟಲಿನಲ್ಲಿಟ್ಟು ಗೊಳಗೊಳಿಸಲೂ ಬಾರದು. ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ಉಂಟಾದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಆದಕಾರಣ ಚಿಕ್ಕಮಕ್ಕಳಿಗೂ, ನುಂಗುವಾಗ ಕೆಮ್ಮು ಬರುವ ವೃದ್ಧರಿಗೂ ಇದು ಸಲ್ಲದು. ಉಗಿಯುವುದು ಬಚ್ಚಲ ಕೊಳವೆಯಲ್ಲಿ ಬೇಡ. ಜಿಡ್ಡು ಹೆಪ್ಪುಗಟ್ಟಿ ಕೊಳವೆಯು ಕಟ್ಟಿಕೊಳ್ಳುವುದು. ಹಳೆಯ ಕಾಗದದಲ್ಲಿ ಉಗಿದು ಕಸದ ಬುಟ್ಟಿಗೆ ಹಾಕಿದರೆ ಸಾಕು.