ಚೀನೀ ರಫ್ತು ಪುಷ್ಪಚಿತ್ರಗಳು

ಚೀನೀ ರಫ್ತು ಪುಷ್ಪಚಿತ್ರಗಳು ಎಂಬುದು 18ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದವರೆಗೆ ದಕ್ಷಿಣ ಚೀನಾದ ಕ್ಯಾಂಟನ್ (ಇಂದಿನ ಗುವಾಂಗ್‌ಝೌ) ನಗರದ ಚಿತ್ರಕಾರರು ವಿದೇಶೀ ಗ್ರಾಹಕರಿಗಾಗಿ ರಚಿಸಿದ ಹೂಗಿಡಗಳ ಜಲವರ್ಣ ಚಿತ್ರಗಳಿಗಿರುವ ಹೆಸರು. ಇವುಗಳಲ್ಲಿ ಕೆಲವು ನಾವಿಕರೂ ವರ್ತಕರೂ ಊರಿಗೆ ಕೊಂಡೊಯ್ದ ಸ್ಮರಣಿಕೆಗಳು. ಇನ್ನು ಕೆಲವು ಯುರೋಪಿನ ಸಸ್ಯಶಾಸ್ತ್ರಕ್ಕೆ ಒದಗಿಬಂದ ದಾಖಲೆಗಳು.

ಹಿನ್ನೆಲೆ

1757ರಿಂದ 1842ರವರೆಗೆ ಪಾಶ್ಚಾತ್ಯ ವರ್ತಕರ ಕಡಲ ವ್ಯಾಪಾರವೆಲ್ಲ ಬಹುಮಟ್ಟಿಗೆ ಕ್ಯಾಂಟನ್ ಬಂದರಿಗೇ ಸೀಮಿತವಾಗಿತ್ತು. ಒಳನಾಡಿಗೆ ಹೋಗಲು ಅವರಿಗೆ ಅನುಮತಿಯಿರಲಿಲ್ಲ. ಕಾಡುಮೇಡು ಅಲೆದು ಗಿಡಗಳನ್ನು ಸಂಗ್ರಹಿಸುವ ಅವಕಾಶವಿಲ್ಲದ ಸಸ್ಯಾಸಕ್ತರು ನಗರದ ಬಳಿಯ ಫಾಟೀ ಸಸಿತೋಟಗಳನ್ನೂ ಸ್ಥಳೀಯ ಚಿತ್ರಕಾರರನ್ನೂ ಅವಲಂಬಿಸಿದರು. ತಿಂಗಳುಗಟ್ಟಲೆಯ ಹಡಗಿನ ಪ್ರಯಾಣದಲ್ಲಿ ಜೀವಂತ ಗಿಡಗಳು ಬಹುಪಾಲು ಸಾಯುತ್ತಿದ್ದವು. ಒಣಗಿಸಿದ ಮಾದರಿಗಳಲ್ಲಿ ಹೂವಿನ ಬಣ್ಣ ಉಳಿಯುತ್ತಿರಲಿಲ್ಲ. ಆದ್ದರಿಂದಲೇ ಚಿತ್ರಕ್ಕೆ ಅಷ್ಟು ಬೆಲೆ ಬಂದಿತು.

ರೀವ್ಸ್ ಸಂಗ್ರಹ

ಈಸ್ಟ್ ಇಂಡಿಯಾ ಕಂಪನಿಯ ಚಹಾ ಪರೀಕ್ಷಕನಾದ ಜಾನ್ ರೀವ್ಸ್ (1774–1856) 1812ರಲ್ಲಿ ಚೀನಾಕ್ಕೆ ಬಂದು, ನಡುನಡುವೆ ಸ್ವದೇಶಕ್ಕೆ ಹೋಗಿಬಂದರೂ, 1831ರವರೆಗೆ ಅಲ್ಲಿ ಸೇವೆಯಲ್ಲಿದ್ದನು. ಲಂಡನ್ನಿನ ತೋಟಗಾರಿಕಾ ಸಂಘಕ್ಕಾಗಿ ಅವನು ನೂರಾರು ಚಿತ್ರಗಳನ್ನು ಬರೆಯಿಸಿದನು. ಸೇವಂತಿಗೆ, ಪಿಯೋನಿ, ಚಹಾಗಿಡದ ಸಂಬಂಧಿಯಾದ ಕೆಮೀಲಿಯ ಮೊದಲಾದವು ಇವುಗಳಲ್ಲಿ ಸೇರಿವೆ. ಕುಂಚದ ಚೀನೀ ಹದವನ್ನು ಬಿಡದೆಯೇ, ಎಲೆಯ ನರ, ದಳಗಳ ಜೋಡಣೆ ಮುಂತಾದ ವಿವರಗಳನ್ನು ಪಾಶ್ಚಾತ್ಯ ಸಸ್ಯಶಾಸ್ತ್ರ ಬಯಸುವ ನಿಖರತೆಯಿಂದ ತೋರಿಸಿರುವುದು ಇವುಗಳ ಹಿರಿಮೆ. ಸಂಗ್ರಹಕ್ಕೆ ಇಂದು ಬರೆಯಿಸಿದವನ ಹೆಸರೇ ಇದೆ. ಬರೆದವರ ಪೈಕಿ ಅಕುಟ್, ಅಕಮ್, ಅಕ್ಯೂ, ಅಸುಂಗ್ ಎಂಬ ನಾಲ್ವರ ಹೆಸರುಗಳು ರೀವ್ಸ್‌ನ ಟಿಪ್ಪಣಿಗಳಲ್ಲಿ ಉಳಿದುಬಂದಿವೆ. ಅವರನ್ನು ಕೇವಲ ನಕಲುಗಾರರೆಂದು ಕರೆಯುವುದು ನ್ಯಾಯವಲ್ಲ. ಈ ಚಿತ್ರಗಳು ಲಂಡನ್ನಿನ ಲಿಂಡ್ಲಿ ಗ್ರಂಥಾಲಯ ಮತ್ತು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳಲ್ಲಿವೆ.

ಬೆಂಡಿನ ಹಾಳೆಯ ಚಿತ್ರಗಳು

ಸ್ಮರಣಿಕೆಯ ಚಿತ್ರಗಳು 19ನೆಯ ಶತಮಾನದಲ್ಲಿ ಹೆಚ್ಚಾಗಿ ಬೆಂಡಿನ ಹಾಳೆಯ ಮೇಲೆ ರಚಿತವಾದವು. ಇದನ್ನು 'ಅಕ್ಕಿ ಕಾಗದ' ಎನ್ನುವ ರೂಢಿಯಿದ್ದರೂ ಇದರಲ್ಲಿ ಅಕ್ಕಿಯೂ ಇಲ್ಲ, ಇದು ಕಾಗದವೂ ಅಲ್ಲ. ಟೆಟ್ರಪ್ಯಾನಾಕ್ಸ್ ಪ್ಯಾಪಿರಿಫರ್ ಎಂಬ ಗಿಡದ ಕಾಂಡದೊಳಗಿನ ಬಿಳಿಯ ಬೆಂಡನ್ನು ಉರುಳಿಸುತ್ತ ಹರಿತವಾದ ಕತ್ತಿಯಿಂದ ತೆಳುವಾಗಿ ಸುಲಿದು ಹಾಳೆ ತೆಗೆಯುತ್ತಿದ್ದರು. (ನಮ್ಮಲ್ಲಿ ಬಾಸಿಂಗಕ್ಕೆ ಬಳಸುವ ಬೆಂಡನ್ನು ಕಂಡವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿದೀತು.) ನೀರು ತಗುಲಿದಾಗ ಬೆಂಡು ತುಸು ಉಬ್ಬುವುದರಿಂದ ದಳಗಳು ಮಖಮಲ್ಲಿನಂತೆ ಮೇಲೆದ್ದು ಕಾಣುತ್ತವೆ. ಇಂತಹ ಚಿತ್ರಗಳಿಗೆ ಹೆಸರಾದ ಟಿಂಗ್‌ಕ್ವಾ, ತೈಲಚಿತ್ರಕಾರ ಲಾಮ್‌ಕ್ವಾನ ಸಹೋದರ. ಚಿತ್ರಶಾಲೆಗಳಲ್ಲಿ ಒಂದೇ ರೇಖಾಚಿತ್ರವನ್ನು ಮತ್ತೆ ಮತ್ತೆ ಬಳಸುತ್ತಿದ್ದುದರಿಂದ ಅದೇ ಹೂವು, ಅದೇ ಚಿಟ್ಟೆ ಬೇರೆ ಬೇರೆ ಆಲ್ಬಮ್‌ಗಳಲ್ಲಿ ಕಾಣಿಸಿಕೊಳ್ಳುವುದುಂಟು. ಒಣಗಿದ ಬೆಂಡು ಮಡಚಿದರೆ ಮುರಿಯುತ್ತದೆ; ಉಳಿದಿರುವ ಹಾಳೆಗಳಲ್ಲಿ ಹಲವು ಬಿರುಕುಬಿಟ್ಟಿವೆ.